ತಾಳೀಸಪತ್ರೆ ಮೂಟೆಗೂ ಡಿಎನ್‌ಎ ಟೆಸ್ಟ್ ಮಾಡ್ಸಿ: ತುಮಕೂರು ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ,

ಹೇಮಾವತಿ ನೀರು, ರೈಲು, ಹೈವೇ ಬಗ್ಗೆ ತಮಗೆ ದಿನಾ ಅರ್ಜಿ ಬರ್ತಾನೇ ಇರುತ್ತೆ, ಇದು ಸ್ವಲ್ಪ ಬೇರೆ. ನಾನು ತುಮಕೂರಲ್ಲಿ ಗ್ರಂಥಿಗೆ ಅಂಗಡಿ ಇಟ್ಕೊಂಡಿರೋನು, ನಮ್ಮಪ್ಪನ ಕಾಲದಿಂದ ಇದೇ ವ್ಯಾಪಾರ. ಕೇಳ್ತಿರೋದು ಹಿಮಾಲಯದ ಮರಗಳ ಬಗ್ಗೆ. ತುಮಕೂರಿನವನಿಗೆ ಹಿಮಾಲಯದ ಉಸಾಬರಿ ಯಾಕಪ್ಪಾ ಅನ್ಬೇಡಿ ಸರ್, ಅಲ್ಲಿ ಸವರಿದ ಎಲೆ ಡೆಲ್ಲಿಯ ಸಗಟು ಮಸಾಲೆ ಮಾರ್ಕೆಟ್ ಖಾರಿ ಬಾವ್ಲಿ ಕಡೆಯಿಂದ ಲಾರಿ ಹತ್ತಿ ಬಂದು ಕೊನೆಗೆ ಇಳಿಯೋದು ನಮ್ಮಂಥ ಅಂಗಡಿಗಳಲ್ಲೇ.

ತಾಳೀಸಪತ್ರೆ ಅಂತ ಒಂದು ಸಾಮಾನು ಇದೆ. ಕೆಮ್ಮು, ಕಫಕ್ಕೆ ವೈದ್ಯರು ಬರ್ಕೊಡೋ ತಾಳೀಸಾದಿ ಚೂರ್ಣದಲ್ಲಿ ಮೆಣಸು, ಶುಂಠಿ, ಹಿಪ್ಪಲಿ ಜೊತೆ ಹಾಕೋದು ಇದನ್ನೇ. ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾ (ಯಾವ ಔಷಧಿಗೆ ಯಾವ ಗಿಡ ಅಂತ ಗೊತ್ತು ಮಾಡೋ ಪುಸ್ತಕ) ಪ್ರಕಾರ ಅದು ಅಬೀಸ್ ವೆಬ್ಬಿಯಾನ, ಅಂದ್ರೆ ಹಿಮಾಲಯದ ಎತ್ತರದಲ್ಲಿ ಬೆಳೆಯೋ ಫರ್ ಮರದ ಎಲೆ. ಆದ್ರೆ ಮಾರ್ಕೆಟಲ್ಲಿ ಅದೇ ಹೆಸರಲ್ಲಿ ಟ್ಯಾಕ್ಸಸ್ ಎಲೆನೂ ಓಡಾಡುತ್ತೆ, ಇಂಗ್ಲಿಷಲ್ಲಿ ಯೂ ಅಂತಾರೆ, ಉತ್ತರಾಖಂಡದ ಕಡೆಯವರು ಥುನೇರ್ ಅಂತಾರೆ. ಎರಡೂ ಸೂಜಿ ಎಲೆ ಮರಗಳೇ, ಆದ್ರೆ ಕುಟುಂಬವೇ ಬೇರೆ. (ನಮ್ಮೂರಲ್ಲಿ ಸರ್ವೆ ಮರ ತೋರ್ಸಿ ಪೈನ್ ಅನ್ನೋರು ಬೇಕಾದಷ್ಟು ಜನ ಇದ್ದಾರೆ, ಅದು ಸೂಜಿ ಎಲೆ ಮರಾನೇ ಅಲ್ಲ, ಹೂ ಬಿಡೋ ಮರ, ಆ ಮಾತು ಬಿಡಿ.)

ಈ ಟ್ಯಾಕ್ಸಸ್ ಕಥೆ ದೊಡ್ಡದು. ಕ್ಯಾನ್ಸರ್‌ಗೆ ಕೊಡೋ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ, 1992ರಲ್ಲಿ ಅಲ್ಲಿ ಅದಕ್ಕೆ ಒಪ್ಪಿಗೆ ಸಿಕ್ತು, ಒಂದು ಕೆಜಿ ಔಷಧಿ ತೆಗೆಯೋಕೆ ಸಾವಿರಾರು ಕೆಜಿ ತೊಗಟೆ ಬೇಕಾಗ್ತಿತ್ತು, ಆಮೇಲೆ ಎಲೆಯಿಂದಲೂ ತೆಗೀಬಹುದು ಅಂತಾದಾಗ ನಮ್ಮ ಹಿಮಾಲಯದ ಮರಗಳಿಗೂ ಗ್ರಹಚಾರ ಶುರುವಾಯ್ತು. ಮೊದಲೇ ನಿಧಾನಕ್ಕೆ ಬೆಳೆಯೋ ಮರ ಅದು, ಸವರಿಬಿಟ್ರೆ ಬೇಗ ಚಿಗುರಿ ಮೇಲೇಳಲ್ಲ. 1995ರಲ್ಲಿ ಸೈಟೀಸ್ ಅನ್ನೋ, ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರ್ತು, ಐಯುಸಿಎನ್ ಅನ್ನೋ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇದನ್ನ ಅಳಿವಿನಂಚಿನ ಪಟ್ಟೀಲಿ ಇಟ್ಟಿದೆ. ಇನ್ನೊಂದು ಭಯ ಏನಂದ್ರೆ ಆ ಎಲೇಲಿ ಟ್ಯಾಕ್ಸೀನ್ ಅನ್ನೋ ವಿಷ ಇದೆ, ಹೃದಯಕ್ಕೇ ಹೊಡೆಯುತ್ತೆ. ಅಂದ್ರೆ ಮರಾನೂ ಹೋಗುತ್ತೆ, ಕೆಮ್ಮಿಗೆ ಚೂರ್ಣ ತಗೊಂಡೋನೂ ಕಷ್ಟಕ್ಕೆ ಸಿಕ್ಕಾಕೊಳ್ತಾನೆ.

ಅಷ್ಟು ವರ್ಷದಿಂದ ಮಾರ್ತಿದೀಯಲ್ಲ, ನೋಡಿದ್ರೆ ಗೊತ್ತಾಗಲ್ವಾ ಅಂತ ಕೇಳ್ಬಹುದು. ಎಲೆ ಇಡಿಯಾಗಿದ್ರೆ ಗೊತ್ತಾಗುತ್ತೆ. ಅಂಗೈ ಮೇಲೆ ಹಾಕ್ಕೊಂಡು ನೋಡಿ, ಫರ್ ಎಲೆ ತುದಿ ಸ್ವಲ್ಪ ಸೀಳಿರುತ್ತೆ, ಹಿಂದುಗಡೆ ಬೆಳ್ಳಗೆ ಎರಡು ಪಟ್ಟೆ, ಉಜ್ಜಿದ್ರೆ ರಾಳದ ವಾಸನೆ. ಯೂ ಎಲೆ ತುದಿ ಚೂಪು, ಹಿಂದುಗಡೆ ಹಳದಿ ಮಿಶ್ರಿತ ಹಸಿರು, ಆ ವಾಸನೆ ಇಲ್ಲ. ಆದ್ರೆ ಮೂಟೆ ಬಿಚ್ಚಿದ್ರೆ ಅರ್ಧಕ್ಕರ್ಧ ಪುಡಿಪುಡಿ, ಕಡ್ಡಿ, ಧೂಳು, ಅದರಲ್ಲಿ ಯಾವನು ತುದಿ ಹುಡುಕ್ತಾನೆ? ಕುಟ್ಟಿ ಚೂರ್ಣ ಮಾಡಿದ ಮೇಲಂತೂ ಮುಗೀತು. ನಮಗೆ ಬರೋ ಬಿಲ್ಲಲ್ಲಿ ‘ತಾಲಿಸ್ ಪತ್ರ’ ಅಂತ ಬಿಟ್ರೆ ಯಾವ ಮರ, ಯಾವ ಕಾಡು ಅಂತ ಒಂದಕ್ಷರ ಇರಲ್ಲ, ಸಪ್ಲೈಯರ್‌ಗೆ ಫೋನ್ ಮಾಡಿದ್ರೆ ‘ಎಲ್ಲಾ ಒಂದೇ ಮಾಲು’ ಅಂತಾನೆ.

ಇಲ್ಲಿಗೇ ಬೇಕಾಗಿರೋದು ಡಿಎನ್‌ಎ ಬಾರ್‌ಕೋಡಿಂಗ್. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಪ್ರಾಣಿಗಳಿಗೆ ಅಂತ ಶುರು ಮಾಡಿದ್ದು. ಗಿಡಗಳಿಗೆ 2009ರಲ್ಲಿ ಆರ್‌ಬಿಸಿಎಲ್, ಮ್ಯಾಟ್‌ಕೆ ಅನ್ನೋ ಎರಡು ಜೀನ್ ಗೊತ್ತು ಮಾಡಿದ್ರು. ಚಿಟಿಕೆ ಪುಡಿ ಸಾಕು, ಅದರ ಡಿಎನ್‌ಎ ತೆಗೆದು ಆ ಜೀನ್‌ಗಳ ತುಂಡನ್ನ ಓದಿ, ಮೊದಲೇ ಗುರುತು ಹಿಡಿದಿರೋ ಮರಗಳ ದಾಖಲೆ ಜೊತೆ ತಾಳೆ ನೋಡ್ತಾರೆ. ಎಲ್ಲಾ ಗೊತ್ತಾಗುತ್ತೆ ಅಂತ ನಾನು ಹೇಳಲ್ಲ. ಸೂಜಿ ಎಲೆ ಮರಗಳಲ್ಲಿ ಈ ಜೀನ್‌ಗಳು ಬಹಳ ನಿಧಾನ ಬದಲಾಗೋದು, ಫರ್‌ನಲ್ಲೇ ಈ ಜಾತಿನಾ ಆ ಜಾತಿನಾ ಅನ್ನೋಕೆ ಡಿಎನ್‌ಎನಲ್ಲಿ ಐಟಿಎಸ್ ಅನ್ನೋ ತರ ಬೇರೆ ಭಾಗಾನೂ ಓದ್ಬೇಕಾಗುತ್ತೆ, ಆಗಲೂ ಕೆಲವು ಸಲ ಖಚಿತ ಆಗಲ್ಲ. ಎರಡೂ ಬೆರೆಸಿರೋ ಪುಡಿಗೆ ಖರ್ಚು ಜಾಸ್ತಿ, ಕಷಾಯಕ್ಕೆ ಕುದಿಸಿಬಿಟ್ಟಿದ್ರೆ ಡಿಎನ್‌ಎ ಚೂರುಚೂರಾಗಿರುತ್ತೆ. ಆದ್ರೆ ಫರ್ರಾ ಯೂನಾ ಅಂತ ಹೇಳೋಕೆ ಇದು ಧಾರಾಳ ಸಾಕು.

ಲ್ಯಾಬ್‌ಗೆ ದೂರ ಹೋಗ್ಬೇಕಾಗೂ ಇಲ್ಲ. ಬೆಂಗಳೂರಿನ ವಿಜ್ಞಾನಿಗಳೇ ದಕ್ಷಿಣ ಭಾರತದ ಅಂಗಡಿಗಳಿಂದ ನೆಲನೆಲ್ಲಿ ಅನ್ನೋ ಇನ್ನೊಂದು ಔಷಧಿ ಗಿಡದ ಸ್ಯಾಂಪಲ್ ತಗೊಂಡು ಒಂದೇ ಹೆಸರಲ್ಲಿ ಹಲವು ಜಾತಿ ಮಾರಾಟ ಆಗ್ತಿದೆ ಅಂತ 2010ರಲ್ಲೇ ತೋರಿಸಿದ್ದಾರೆ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರದ್ದೇ ಇದೆ.

ಸಿದ್ಧರಬೆಟ್ಟದ ಔಷಧಿ ಗಿಡಗಳ ಬಗ್ಗೆ ಸ್ಟೇಜ್ ಮೇಲೆ ಎಲ್ಲಾ ಪಕ್ಷದವರೂ ಮಾತಾಡ್ತಾರೆ, ಸಂತೋಷ. ಇದರ ಕಾನೂನು ಕೇಂದ್ರದ್ದು, ಅದಕ್ಕೇ ತಮ್ಮನ್ನ ಕೇಳ್ತಿದೀನಿ. ತಾಳೀಸಪತ್ರೆ ಹೆಸರಲ್ಲಿ ಟ್ಯಾಕ್ಸಸ್ ಎಷ್ಟು ಮಾರಾಟ ಆಗ್ತಿದೆ ಅಂತ ಆಯುಷ್ ಸಚಿವಾಲಯ ಪರೀಕ್ಷೆ ಮಾಡ್ಸಿದ್ಯಾ, ಮಾಡ್ಸಿದ್ರೆ ವರದಿ ಎಲ್ಲಿ ಅಂತ ಲೋಕಸಭೇಲಿ ಒಂದು ಪ್ರಶ್ನೆ ಹಾಕಿ. ದೊಡ್ಡ ಮಂಡಿಗಳಲ್ಲೇ ಸ್ಯಾಂಪಲ್ ಎತ್ತಿ ಟೆಸ್ಟ್ ಮಾಡೋ ವ್ಯವಸ್ಥೆ ಬರ್ಲಿ, ಮೂಟೆ ಮೇಲೆ ಸಸ್ಯಶಾಸ್ತ್ರದ ಹೆಸರು ಕಡ್ಡಾಯ ಆಗ್ಲಿ. ಆ ಟೆಸ್ಟಿನ ಖರ್ಚನ್ನ ಕಾಲು ಕೆಜಿ ಲೆಕ್ಕದಲ್ಲಿ ಮಾರೋ ನಮ್ಮ ತಲೆ ಮೇಲೆ ಹೊರಿಸ್ಬೇಡಿ, ಹಾಗೇ ಕಾಡಿಂದ ಎಲೆ ಹೊತ್ತು ತರೋ ಹಳ್ಳಿಯವರ ಮೇಲೆ ಮೊದಲು ಕೇಸ್ ಹಾಕೋ ಕೆಲಸಾನೂ ಬೇಡ, ಮೂಟೆಗಟ್ಲೆ ಕೊಂಡು ಹೆಸರು ಬದಲಾಯ್ಸೋರು ಮಧ್ಯದಲ್ಲಿ ಇದ್ದಾರೆ, ಅವರನ್ನ ಹಿಡೀಲಿ. ಪರೀಕ್ಷೆಗೆ ಸ್ಯಾಂಪಲ್ ಬೇಕು ಅಂದ್ರೆ ನಮ್ಮ ಅಂಗಡಿ ಮೂಟೇನೇ ಮೊದಲು ಬಿಚ್ಚಲಿ, ನಂದೇನೂ ಅಭ್ಯಂತರ ಇಲ್ಲ.

ಇಂತಿ ತಮ್ಮ ಕ್ಷೇತ್ರದ ಮತದಾರ,
ಒಬ್ಬ ಗ್ರಂಥಿಗೆ ವ್ಯಾಪಾರಿ, ತುಮಕೂರು