ಟರ್ಬೊ ಗಾಡಿಗಳ ‘ಪಿಕಪ್ ಇಲ್ಲ’ ತಪಾಸಣೆ: ಮುಂದಿನ ತಿಂಗಳಿಂದ ಆಗುವ ಬದಲಾವಣೆ

ನಮ್ಮ ಗ್ಯಾರೇಜಿನ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇರುವ ಗಾಡಿಗಳ ಪಿಕಪ್ ತಪಾಸಣೆಗೆ, ಅಂದರೆ ಗಾಡಿ ಯಾಕೆ ಎಳೆಯುತ್ತಿಲ್ಲ ಎಂದು ಹುಡುಕುವ ಕೆಲಸಕ್ಕೆ, 1,200 ರೂಪಾಯಿ ಬೇರೆಯಾಗಿ ತೆಗೆದುಕೊಳ್ಳುತ್ತೇವೆ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಅದರಲ್ಲಿ 600 ಬಿಲ್ಲಿನಲ್ಲಿ ಕಳೆಯುತ್ತೇವೆ. ಗಾಡಿಯನ್ನು ಹಿಂದಿನ ಸಂಜೆಯೇ ತಂದು ಬಿಡಬೇಕು, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕೆಲಸ ಶುರುವಾಗಬೇಕು. ಕಳೆದ ಮಳೆಗಾಲದಲ್ಲಿ ಕೆಲವರ ಬಿಲ್ಲಿನಲ್ಲಿ ಈ ಮೊತ್ತ ಮೊದಲೇ ತಿಳಿಸದೆ ‘ಲೇಬರ್’ ಅಂತ ಸೇರಿಹೋಗಿತ್ತು. ಅದು ನಮ್ಮ ತಪ್ಪೇ, ಕ್ಷಮಿಸಿ. ಆದರೆ ಚಾರ್ಜ್ ಹಾಕಿದ್ದೇ ತಪ್ಪು ಎಂಬ ಮಾತನ್ನು ಒಪ್ಪಲಾರೆವು.

“ಸ್ಕ್ಯಾನರ್ ಸಿಕ್ಕಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಲ್ಲಾ, ಅದಕ್ಕೆ ಇಷ್ಟು ದುಡ್ಡಾ?” ಈ ಮಾತು ವಾರಕ್ಕೆ ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. ಕೇಳುವವರಲ್ಲಿ ತಪ್ಪಿಲ್ಲ, ಹಾಗೆ ನಂಬಿಸಿದವರು ಬೇರೆ. ಗಾಡಿಯ ಕಂಪ್ಯೂಟರನ್ನು ಓದುವ ಈ ಸ್ಕ್ಯಾನರಿನಲ್ಲಿ ಪಿ0299 ಎಂಬ ದೋಷದ ಕೋಡ್ ಬಂತು ಎಂದಿಟ್ಟುಕೊಳ್ಳಿ. ಇಂಜಿನ್ ಕೇಳಿದಷ್ಟು ಗಾಳಿಯ ಒತ್ತಡ ಸಿಗಲಿಲ್ಲ ಎನ್ನುವುದಷ್ಟೇ ಅದರ ಅರ್ಥ. ಟರ್ಬೊ ಹೋಗಿದೆ ಎಂದು ಆ ಕೋಡ್ ಎಲ್ಲೂ ಹೇಳುವುದಿಲ್ಲ. ಒಡೆದ ಹೋಸ್, ಸಡಿಲವಾದ ಕ್ಲಿಪ್, ಇಲಿ ಕಡಿದ ವ್ಯಾಕ್ಯೂಮ್ ಪೈಪ್, ಮುಚ್ಚದೆ ನಿಂತ ಇಜಿಆರ್ (ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್), ಮಸಿ ಹಿಡಿದ ಸೆನ್ಸರ್, ಕಟ್ಟಿಕೊಂಡ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಇವುಗಳಲ್ಲಿ ಯಾವುದರಿಂದಲೂ ಅದೇ ಕೋಡ್ ಬರುತ್ತದೆ. ಕೋಡ್ ನೋಡಿ ಟರ್ಬೊ ಬದಲಿಸುವುದು, ಜ್ವರ ಬಂತೆಂದು ಹಲ್ಲು ಕಿತ್ತ ಹಾಗೆ.

ಮೊದಲ ಪರೀಕ್ಷೆಗೆ ಇಂಜಿನ್ ಸ್ಟಾರ್ಟ್ ಮಾಡುವುದೂ ಬೇಡ. ಕೀ ಆನ್ ಮಾಡಿದಾಗ, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್, ನಮ್ಮ ಕುಶಾಲನಗರದಲ್ಲಿ 92, ಮಡಿಕೇರಿಯಲ್ಲಿ 88ರ ಆಸುಪಾಸು. ನಮ್ಮ ಶೆಡ್ಡಿನಲ್ಲಿ ನಿಂತ ಗಾಡಿ 105 ತೋರಿಸಿದರೆ ಸೆನ್ಸರೇ ಸುಳ್ಳು ಹೇಳುತ್ತಿದೆ, ಉಳಿದ ಅಂಕಿಗಳನ್ನು ನಂಬುವ ಹಾಗಿಲ್ಲ. ಓಡುವಾಗ 192 ಬಂದರೆ ಅದರಲ್ಲಿ 92 ಊರಿನ ಗಾಳಿಯದು, ಟರ್ಬೊ ಸೇರಿಸಿದ್ದು 100, ಅಂದರೆ ಒಂದು ಬಾರ್. ಈ ಕಳೆಯುವ ಲೆಕ್ಕ ತಪ್ಪಿಯೇ ಎಷ್ಟೋ ಒಳ್ಳೆಯ ಟರ್ಬೊಗಳು ಗುಜರಿಗೆ ಹೋಗಿವೆ. ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನದೂ ಅದೇ ಕಥೆ. ಕರಾವಳಿಯಲ್ಲಿ (ಪಾದರಸದ ಲೆಕ್ಕದಲ್ಲಿ) 27 ಇಂಚು ತೋರಿಸುವ ಪಂಪ್ ಇಲ್ಲಿ 24 ತೋರಿಸಿದರೆ ಅದು ಕೆಟ್ಟಿಲ್ಲ, ನಾವು ಎತ್ತರದಲ್ಲಿದ್ದೇವೆ, ಅಷ್ಟೇ.

ಆಮೇಲೆ ಹೋಸುಗಳು. ಇಂಟರ್‌ಕೂಲರಿನ (ಟರ್ಬೊ ತಳ್ಳಿದ ಗಾಳಿಯನ್ನು ತಣಿಸುವ ಭಾಗ) ಕೆಳಗಿನ ಹೋಸನ್ನು ಬಗ್ಗಿ ನೋಡಿದರೆ ಹೆಚ್ಚಾಗಿ ಏನೂ ಕಾಣುವುದಿಲ್ಲ. ಕ್ಲಿಪ್ಪಿನ ಅಂಚಿನಲ್ಲೇ, ಆಯಿಲ್ ಕುಡಿದು ಮೆತ್ತಗಾದ ರಬ್ಬರಿನಲ್ಲಿ ಉಗುರಿನಷ್ಟು ಸೀಳು ಇರುತ್ತದೆ. ಐಡಲ್‌ನಲ್ಲಿ ಅದು ಮುಚ್ಚಿಕೊಂಡಿರುತ್ತದೆ, ಏರಿನಲ್ಲಿ ಒತ್ತಡ ಬಿದ್ದ ಕೂಡಲೇ ಮೀನಿನ ಬಾಯಿಯಂತೆ ತೆರೆಯುತ್ತದೆ. ಹೊಗೆ ಬಿಟ್ಟು ನೋಡುವ ಯಂತ್ರದ ಒತ್ತಡ ಕಡಿಮೆ, ಇಂಥ ಸೀಳು ಅದರಲ್ಲೂ ಸಿಕ್ಕುವುದಿಲ್ಲ. ಹಾಗಾಗಿ ಟರ್ಬೊ ಬಾಯಿಗೆ ಮುಚ್ಚಳ ಬಿಗಿದು, ರೆಗ್ಯುಲೇಟರ್ ಇಟ್ಟು, ಮೊದಲು 0.3 ಬಾರ್, ನಂತರ ಮೆಲ್ಲಗೆ 1 ಬಾರ್‌ವರೆಗೆ ಗಾಳಿ ತುಂಬಿ ಸೋಪಿನ ನೀರು ಸವರುತ್ತೇವೆ. ಬ್ರೀದರ್ ಪೈಪ್ (ಇಂಜಿನ್ನಿನ ಒಳಗಿನ ಗಾಳಿ ಹೊರಬರುವ ಪೈಪ್) ಕಳಚಿ ಬಾಯಿ ಕಟ್ಟದೆ ಈ ಕೆಲಸ ಮಾಡಿದರೆ ಗಾಳಿ ಇಂಜಿನ್ನಿನ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್ ಹೊರಗೆ ಬರುತ್ತದೆ. ದಯವಿಟ್ಟು ಮನೆಯಲ್ಲಿ ಟೈರ್ ಕಂಪ್ರೆಸರ್ ಹಿಡಿದು ಪ್ರಯತ್ನಿಸಬೇಡಿ. ಅಂದ ಹಾಗೆ, ಹೋಸಿನ ಒಳಗೆ ತೆಳುವಾಗಿ ಆಯಿಲ್ ಪಸೆ ಇರುವುದು ಸಹಜ. ಜಾಯಿಂಟಿನ ಹೊರಗೆ ಒದ್ದೆಯಾಗಿ ಧೂಳು ಮೆತ್ತಿದ್ದರೆ ಮಾತ್ರ ಸೋರಿಕೆ ಇದೆ ಅನ್ನಿ.

ಕೈಪಂಪಿನಿಂದ ಆಕ್ಚುವೇಟರಿಗೆ (ಟರ್ಬೊ ಒಳಗಿನ ರೆಕ್ಕೆಗಳನ್ನು ತಿರುಗಿಸುವ ಡಬ್ಬಿಗೆ) ವ್ಯಾಕ್ಯೂಮ್ ಕೊಟ್ಟಾಗ ಅದರ ಕಡ್ಡಿ ತಡೆಯಿಲ್ಲದೆ ಪೂರ್ತಿ ಎಳೆಯಬೇಕು, ಒಂದು ನಿಮಿಷ ಪಂಪಿನ ಮೀಟರಿನ ಮುಳ್ಳು ಇಳಿಯಬಾರದು. ಇಳಿದರೆ ಆಕ್ಚುವೇಟರಿನೊಳಗಿನ ರಬ್ಬರ್ ಪದರ (ಡಯಾಫ್ರಾಮ್) ಹರಿದಿದೆ. ಕಡ್ಡಿ ಅರ್ಧದಲ್ಲೇ ತಡೆದರೆ ಟರ್ಬೊ ಒಳಗಿನ ರೆಕ್ಕೆಗಳಿಗೆ ಮಸಿ ಕಟ್ಟಿದೆ. ತೋಟದೊಳಗೆ ಬರೀ ಒಂದು, ಎರಡನೇ ಗೇರಿನಲ್ಲೇ ಓಡುವ ಪಿಕಪ್ ವ್ಯಾನ್‌ಗಳಲ್ಲಿ ಇದು ಜಾಸ್ತಿ.

ಕೊನೆಗೆ ರಸ್ತೆ. ಮಡಿಕೇರಿ ರಸ್ತೆಯಲ್ಲಿ ಆನೆಕಾಡು ದಾಟಿ, ಸುಂಟಿಕೊಪ್ಪದಿಂದ ಬೋಯಿಕೇರಿ ಏರಿನವರೆಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರು ಹೋಗುತ್ತೇವೆ. ಮೂರನೇ ಗೇರಿನಲ್ಲಿ 1,500ರಿಂದ 3,000 ಆರ್‌ಪಿಎಂವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಂಜಿನ್ ಕೇಳಿದ ಒತ್ತಡ, ಸಿಕ್ಕ ಒತ್ತಡ, ಒಳಗೆ ಬಂದ ಗಾಳಿಯ ಲೆಕ್ಕ, ಎಲ್ಲ ದಾಖಲಿಸುತ್ತೇವೆ. ಗಾಳಿ ಸಾಕಷ್ಟು ಬಂದೂ ಒತ್ತಡ ಏರದಿದ್ದರೆ ಟರ್ಬೊ ಆದಮೇಲೆ ಎಲ್ಲೋ ಸೋರುತ್ತಿದೆ. ಎರಡೂ ಕಡಿಮೆ ಇದ್ದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಟರ್ಬೊ ತಿರುಗುತ್ತಿಲ್ಲ. ಒತ್ತಡ ಮಿತಿ ಮೀರಿ ಏರಿ ಗಾಡಿ ದಿಢೀರನೆ ಸತ್ತಂತಾದರೆ ರೆಕ್ಕೆಗಳು ಸಿಕ್ಕಿಕೊಳ್ಳುತ್ತಿವೆ, ಆಗ ಬರುವ ಕೋಡ್ ಪಿ0234. ಒತ್ತಡ ಸರಿಯಾಗಿದ್ದೂ ಗಾಡಿ ಎಳೆಯದಿದ್ದರೆ ಡೀಸೆಲ್ ಫಿಲ್ಟರ್, ಕ್ಲಚ್, ಬ್ರೇಕ್ ಹಿಡಿತ ನೋಡಬೇಕು, ಟರ್ಬೊ ಮುಟ್ಟಬಾರದು.

ಈಗ ಹೇಳಿ, ಇದು ಎರಡು ನಿಮಿಷದ ಕೆಲಸವೇ? ಇಬ್ಬರ ಅರ್ಧ ದಿನ ಇದಕ್ಕೇ ಹೋಗುತ್ತದೆ. ಸ್ಕ್ಯಾನರ್ ಸಾಫ್ಟ್‌ವೇರಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು, ಕಟ್ಟದಿದ್ದರೆ ಹೊಸ ಗಾಡಿಗಳ ಹತ್ತಿರ ಅದು ಮಾತೇ ಆಡುವುದಿಲ್ಲ. ಟರ್ಬೊ ಬೆಲೆ ನಾವು ಇಡುವುದಲ್ಲ. ಮೈಸೂರಿನಿಂದ ಬರುವ ಪಾರ್ಸೆಲ್ಲಿನ ಬಿಲ್ ಮೇಜಿನ ಮೇಲೇ ಇರುತ್ತದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಇಷ್ಟು ದಿನ ಹೆಚ್ಚಿನವರಿಗೆ ತಪಾಸಣೆಯನ್ನು ಬಿಟ್ಟಿ ಮಾಡಿ, ಆ ಖರ್ಚನ್ನು ಬ್ರೇಕ್ ಪ್ಯಾಡ್ ಹಾಕಿಸಲು ಬಂದವರ ಲೇಬರಿನಲ್ಲಿ ಎತ್ತುತ್ತಿದ್ದೆವು. ಅದು ಅವರಿಗೆ ಮಾಡಿದ ಅನ್ಯಾಯ.

ಇನ್ನೊಂದು ವಿಷಯ. ಹೊರಗಿನಿಂದ ಟರ್ಬೊ ತಂದು “ಹಾಕಿ ಕೊಡಿ ಸಾಕು” ಎಂದರೆ ಹಾಕುತ್ತೇವೆ, ಆದರೆ ಆಯಿಲ್ ಬರುವ ಪೈಪ್ ಹೊಸದಿರಬೇಕು, ವಾಪಸ್ ಪೈಪ್ ಬಿಚ್ಚಿ ತೊಳೆಯಬೇಕು, ಆಯಿಲ್ ಮತ್ತು ಫಿಲ್ಟರ್ ಅದೇ ದಿನ ಬದಲಾಗಬೇಕು. ಹಳೆಯ ಪೈಪಿನಲ್ಲಿ ಕರಕಲು ಕಟ್ಟಿದ್ದರೆ ಹೊಸ ಟರ್ಬೊ ಎಣ್ಣೆಯಿಲ್ಲದೆ ಬೇಗನೆ ಸಾಯುತ್ತದೆ, ಆಮೇಲೆ ಬೈಗುಳ ನಮಗೆ. ಹಾಗೆಯೇ ಟರ್ಬೊ ನಡುವಿನ ಶಾಫ್ಟ್ ಅಲ್ಲಾಡಿಸಿ “ಪ್ಲೇ ಇದೆ, ಹೋಯಿತು” ಎನ್ನುವವರನ್ನು ನಂಬಬೇಡಿ. ಅಡ್ಡಕ್ಕೆ ಸ್ವಲ್ಪ ಅಲುಗುವುದು ಇರಬೇಕಾದ್ದೇ, ಓಡುವಾಗ ಆ ಸಂದಿನಲ್ಲಿ ಆಯಿಲ್ ತುಂಬಿಕೊಳ್ಳುತ್ತದೆ. ಹಿಂದೆ ಮುಂದೆ ಎಳೆದಾಗ ಬೆರಳಿಗೆ ಗೊತ್ತಾದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಮಾತ್ರ ಹೋಗಿದೆ.

ತಪಾಸಣೆ ಮುಗಿದ ಮೇಲೆ ಅಂಕಿಗಳ ಪ್ರಿಂಟ್ ನಿಮ್ಮ ಕೈಗೆ ಕೊಡುತ್ತೇವೆ, ಬೇರೆ ಕಡೆ ತೋರಿಸಿದರೂ ನಮಗೆ ಬೇಸರವಿಲ್ಲ. ಬದಲಿಸಿದ ಹಳೆಯ ಪಾರ್ಟ್ ಡಿಕ್ಕಿಯಲ್ಲೇ ಇರುತ್ತದೆ. 80 ರೂಪಾಯಿಯ ಕ್ಲಿಪ್ಪಿನಲ್ಲಿ ಮುಗಿಯುವುದಾದರೆ ಕ್ಲಿಪ್ಪಿನಲ್ಲೇ ಮುಗಿಸುತ್ತೇವೆ. ರಾತ್ರಿ ಗಾಡಿ ಬಿಟ್ಟುಹೋಗಲು ಇಲಿಗಳ ಭಯವೂ ಬೇಡ, ಶೆಡ್ಡಿನಲ್ಲಿ ಬೆಕ್ಕು ಎರಡಿವೆ.

ಬರುವ ಮುಂಚೆ ಒಂದು ಫೋನ್ ಮಾಡಿ, ದಿನಕ್ಕೆ ಎರಡು ಗಾಡಿ ಮಾತ್ರ ತೆಗೆದುಕೊಳ್ಳುತ್ತೇವೆ. ಬ್ಯಾಟರಿ ವಯರ್ ಕಳಚಿ ಇಂಜಿನ್ ಲೈಟ್ ಆರಿಸಿಕೊಂಡು ಬರಬೇಡಿ, ಒಳಗಿನ ದಾಖಲೆ ಅಳಿಸಿಹೋಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಸ್ವಲ್ಪ ಇರಲಿ, ಬೋಯಿಕೇರಿಗೆ ಹೋಗಿ ಬರಬೇಕು.

ಇಂತಿ,
ನಿಮ್ಮ ಗ್ಯಾರೇಜಿನವರು, ಕುಶಾಲನಗರ