ಹಂತಿ ಪದದ ಹೆಜ್ಜೆ

ಗೆಳೆಯರೇ, ಭಾನುವಾರದೊಳಗೆ ಎಲ್ಲರೂ ಎತ್ತಿನ ಬಗ್ಗೆ ಆರು ಸಾಲು ಬರೆದು ಇಲ್ಲೇ ಹಾಕಿ. ಅವತ್ತು ಸಂಜೆ 5ಕ್ಕೆ ಧಾರವಾಡದ ಕೆ.ಸಿ. ಪಾರ್ಕಿನಲ್ಲಿ ಕೂತು ಓದೋಣ.

ಪ್ರಾಸಕ್ಕೆ ಹೆದರಬೇಡಿ. ನಮ್ಮ ಹಳೆಯ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ: ಎತ್ತು, ಬಿತ್ತು, ಹೊತ್ತು, ತುತ್ತು. ರೈತನ ಬದುಕೇ ಅದರಲ್ಲಿದೆ, ಅಲ್ವಾ? ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ 3 ಮತ್ತು 4 ಮಾತ್ರೆಯ ಗುಂಪುಗಳು ಒಂದಾದ ಮೇಲೊಂದು ಬರುತ್ತವೆ; ಆ ಲಯ ನನಗಂತೂ ಚಕ್ಕಡಿಯ ನಡೆಯಂತೆ ಕೇಳುತ್ತದೆ.

ಪಲ್ಲವಿ ಮಾತ್ರ ಸುಮ್ನೆ ಸೇರಿಸಬೇಡಿ. ಎತ್ತುಗಳಿಂದ ತೆನೆ ತುಳಿಸಿ ಕಾಳು ಬಿಡಿಸುವಾಗ ಹಾಡುವ ಹಂತಿ ಪದ ನೆನಪಿಸಿಕೊಳ್ಳಿ. ಕಣದಲ್ಲಿ ಎತ್ತುಗಳು ಮೇಟಿ, ಅಂದರೆ ನಡುವಿನ ಕಂಬ, ಸುತ್ತುತ್ತವೆ. ಒಬ್ಬರು ಹಾಡಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಸುತ್ತು ತಿರುಗಿದಂತೆ ಸೊಲ್ಲೂ, ಅಂದರೆ ಪಲ್ಲವಿಯೂ, ತಿರುಗುತ್ತದೆ. ರಾತ್ರಿ ಹಂತಿ ಹೊಡೆಯುವವರ ನಿದ್ದೆ ಓಡಿಸುತ್ತಿದ್ದುದು ಅದೇ. ಈಗ ರಾಶಿಗೆ ಮಷೀನು ಬಂದಿದೆ, ಕೇಳಲು ಸಿಗುವುದೇ ಅಪರೂಪ. ಮನೆಯಲ್ಲಿ ಅಜ್ಜನಿಗೋ ಕಾಕಾಗೋ ಒಂದು ಸೊಲ್ಲು ನೆನಪಿದ್ದರೂ ದಯವಿಟ್ಟು ರೆಕಾರ್ಡ್ ಮಾಡಿ ಕಳಿಸಿ.