ಮಳೆಗಾಲಕ್ಕೆ ಮುಂಚೆ ಕಸದ ಮೇಲೊಂದು ಸೂರು: ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ,

ಮಾನ್ಯರೇ,

ಮೇ ಬಂತೆಂದರೆ ಚರಂಡಿಯ ಹೂಳು, ರಾಜಕಾಲುವೆ, ತಂತಿಗೆ ತಾಗುವ ಮರದ ಗೆಲ್ಲು ಎಂದು ಮಳೆಗಾಲದ ತಯಾರಿ ಶುರುವಾಗುತ್ತದೆ. ಆ ಪಟ್ಟಿಗೆ ಕಸವನ್ನೂ ಸೇರಿಸಿ ಎಂದು ಕೇಳಲು ಈ ಪತ್ರ. ಒಣ ಕಸ ವಿಂಗಡಿಸುವ, ಹಸಿ ಕಸದಿಂದ ಗೊಬ್ಬರ ಮಾಡುವ ಕೆಲಸದಲ್ಲಿರುವ ನಾವು ಹೇಳಬೇಕಾದ್ದು ಒಂದೇ ಮಾತು: ಈ ಊರಿನಲ್ಲಿ ಕಸ ಕೆಡುವುದು ನೀರಿನಿಂದ. ಮನೆಯವರು ಎಷ್ಟೇ ಚೆಂದಕ್ಕೆ ವಿಂಗಡಿಸಿ ಕೊಡಲಿ, ದಾರಿಯಲ್ಲಿ ನೆನೆದರೆ ಆ ಶ್ರಮವೆಲ್ಲ ನೀರುಪಾಲು.

ಮೊದಲು ಕಸ ಸುರಿಯುವ ಜಾಗದ ರಾಶಿಯ ಲೆಕ್ಕ ನೋಡಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ. ಮಳೆ ನಮಗೆ ಮಾಮೂಲು. ಹಾಗಾದರೆ ತೆರೆದು ಬಿಟ್ಟ ಒಂದೊಂದು ಎಕರೆ ರಾಶಿಯ ಮೇಲೂ 1.2 ಕೋಟಿ ಲೀಟರ್ ನೀರು ಬೀಳುತ್ತದೆ. ಸ್ವಲ್ಪ ಮೇಲಿಂದಲೇ ಹರಿದು ಹೋದೀತು. ಒಳಗಿಳಿದದ್ದು ರಾಶಿಯ ಭಾರ ಹೆಚ್ಚಿಸುತ್ತದೆ, ಪದರಗಳ ಹಿಡಿತ ಸಡಿಲಿಸುತ್ತದೆ, ಕೊನೆಗೆ ಬುಡದಲ್ಲಿ ಕಪ್ಪು ರಸವಾಗಿ ಹೊರಬರುತ್ತದೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯಲ್ಲಿರುವ ಪಾಲಿಕೆಯ ಕಸದ ರಾಶಿ ಜಾರಿ ಪಕ್ಕದ ಮಂದಾರದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿಹಾಕಿದ್ದು ನಡು ಮಳೆಗಾಲದಲ್ಲಿ ಎಂಬುದನ್ನು ಮರೆಯುವಂತಿಲ್ಲ.

ಇದಕ್ಕೆ ಮದ್ದು ಹೊಸದಾಗಿ ಹುಡುಕಬೇಕಿಲ್ಲ. ಮಳೆಗಾಲ ಶುರುವಾಗುವ ಮೊದಲು ಭೂಭರ್ತಿಯ (ಕಸ ತುಂಬುವ ಜಾಗದ) ಮೇಲೆ 40ರಿಂದ 65 ಸೆಂ.ಮೀ. ದಪ್ಪಕ್ಕೆ ಮಣ್ಣು ಹೊದಿಸಿ, ಒತ್ತಿ, ಇಳಿಜಾರು ಕೊಟ್ಟು, ಮಳೆನೀರು ಬೇರೆ ಕಡೆ ಹೋಗುವಂತೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬರೆದಿತ್ತು. ಇಲ್ಲಿ ಮುಖ್ಯವಾದ ಮಾತು ‘ಒತ್ತಿ’ ಎನ್ನುವುದು. ಟಿಪ್ಪರಿನಲ್ಲಿ ತಂದ ಕೆಂಪು ಮಣ್ಣನ್ನು ಸುರಿದು ಜೆಸಿಬಿಯ ಬಕೆಟ್ಟಿನಲ್ಲಿ ಹರಡಿಬಿಟ್ಟರೆ ಮೊದಲ ಎರಡು ಜೋರು ಮಳೆಗೆ ಅದು ಕೊಚ್ಚಿಹೋಗಿ ಚರಂಡಿ ತುಂಬುತ್ತದೆ, ರೋಲರ್ ಓಡಲೇಬೇಕು. ಇನ್ನೊಂದು, ಮಳೆನೀರಿನ ತೋಡು ಬೇರೆ, ಕಸದ ರಸದ ತೋಡು ಬೇರೆ ಇರಬೇಕು. ಎರಡೂ ಸೇರಿದರೆ ಶುದ್ಧೀಕರಿಸಬೇಕಾದ ನೀರು ಹಲವು ಪಟ್ಟು ಹೆಚ್ಚುತ್ತದೆ. ಅಷ್ಟು ನೀರನ್ನು ಹಿಡಿದಿಡುವ ಹೊಂಡ ಯಾರ ಹತ್ತಿರವೂ ಇರುವುದಿಲ್ಲ.

ಒಣ ಕಸಕ್ಕೆ ಪೆಟ್ಟು ಬೀಳುವುದು ಗೇಟಿನ ಬುಡದಲ್ಲಿ. ವಾರಕ್ಕೊಮ್ಮೆ ಒಯ್ಯುವ ಕಸವನ್ನು ಜನ ಹಿಂದಿನ ರಾತ್ರಿಯೇ ಕಂಪೌಂಡಿನ ಹೊರಗಿಡುತ್ತಾರೆ, ಬೆಳಗಾಗುವಾಗ ಚೀಲದ ತುಂಬ ನೀರು. ಕಾಗದದ ಕಾರ್ಖಾನೆಗಳು ರದ್ದಿಯಲ್ಲಿ ಒಪ್ಪುವ ತೇವ ನೂರಕ್ಕೆ 10–12ರ ಆಸುಪಾಸು. ಅದಕ್ಕಿಂತ ಹೆಚ್ಚಿದ್ದರೆ ತೂಕದಲ್ಲಿ ಕಳೆಯುತ್ತಾರೆ, ಬೂಸ್ಟು ಬಂದಿದ್ದರೆ ಲಾರಿಯನ್ನೇ ವಾಪಸು ಕಳಿಸುತ್ತಾರೆ. ನೆನೆದ ರಟ್ಟನ್ನು ಗುಜರಿಯವರೂ ಮುಟ್ಟುವುದಿಲ್ಲ. ಒದ್ದೆ ತೊಟ್ಟೆಗಳು (ಪ್ಲಾಸ್ಟಿಕ್ ಚೀಲಗಳು) ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಕಸ ವಿಂಗಡಿಸುವ ಬೆಲ್ಟಿನ ಮುಂದೆ ನಿಂತ ಹೆಂಗಸರು ಒಂದೊಂದನ್ನೂ ಬಿಡಿಸಿ ನೋಡಬೇಕು. ಪ್ರಚಾರದ ಗಾಡಿಯಲ್ಲಿ ‘ಹಸಿ ಕಸ, ಒಣ ಕಸ’ ಎಂದು ಹಾಡು ಹಾಕುವ ಬದಲು ಈ ಮಳೆಗಾಲಕ್ಕೆ ಎರಡು ವಿಷಯ ಹೇಳಿಸಿ. ಒಂದು, ಒಣ ಕಸದ ಗೋಣಿ ಜಗಲಿಯಲ್ಲೇ ನೇತಾಡುತ್ತಿರಲಿ, ಗಾಡಿಯ ಸದ್ದು ಕೇಳಿದ ಮೇಲೆ ಹೊರಗೆ ಬರಲಿ. ಎರಡು, ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ; ಆ ಚೂರು ಯಾವ ಬೆಲ್ಟಿನಲ್ಲೂ ಸಿಗುವುದಿಲ್ಲ, ನೇರ ಗೊಬ್ಬರಕ್ಕೋ ತೋಡಿಗೋ ಹೋಗುತ್ತದೆ. ಮೂಲೆ ಅಂಟಿಕೊಂಡೇ ಇರಲಿ, ತೊಟ್ಟೆಯನ್ನು ತೊಳೆದು ಕವುಚಿ ಒಣಗಿಸಿದರೆ ಸಾಕು.

ಮನೆಯವರು ಇಷ್ಟು ಮಾಡಿದ ಮೇಲೆ ಗಾಡಿ ತೆರೆದಿದ್ದರೆ ಏನು ಸಾರ್ಥಕ? ಆಟೋ ಟಿಪ್ಪರಿನ ಒಣ ಕಸದ ಭಾಗಕ್ಕೆ ಪೈಪಿನ ಚೌಕಟ್ಟು, ಅದರ ಮೇಲೆ ಟರ್ಪಾಲು ಹಾಕಿಸಲು ವಾರ್ಡಿನ ವೆಲ್ಡಿಂಗ್ ಅಂಗಡಿ ಸಾಕು, ಟೆಂಡರು ಬೇಡ. ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಗಳ ಹಿಂಬಾಗಿಲಿನ ರಬ್ಬರ್ ಸೀಲನ್ನು ಮಳೆಗೆ ಮುಂಚೆ ಬದಲಿಸಬೇಕು. ಅದು ಸವೆದಿದ್ದರಿಂದಲೇ ಲಾರಿ ಹೋದ ರಸ್ತೆಯುದ್ದಕ್ಕೂ ವಾಸನೆ. ಆ ಲಾರಿಯ ಕಸದ ರಸದ ಟ್ಯಾಂಕಿನ ವಾಲ್ವ್ ತೆರೆಯುವ ಜಾಗವನ್ನೂ ಗೊತ್ತುಮಾಡಿ ಕೊಡಿ. ಜಾಗವೇ ಇಲ್ಲದಿದ್ದರೆ ಚಾಲಕ ಏರು ರಸ್ತೆಯಲ್ಲೇ ತೆರೆಯುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ.

ಒಣ ಕಸ ವಿಂಗಡಿಸುವ ಶೆಡ್ಡಿನ ವಿಷಯದಲ್ಲಿ ಘಟ್ಟದ ಮೇಲಿನ ನಕ್ಷೆ ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಮಳೆ ನೇರ ಬೀಳದೆ ಎರಚಲು ಹೊಡೆಯುತ್ತದೆ. ಮಾಡಿನ ಅಂಚು ಗೋಡೆಯಿಂದ ಒಂದೂವರೆ ಮೀಟರಾದರೂ ಹೊರಚಾಚಬೇಕು, ನೆಲ ಸುತ್ತಲಿನ ಅಂಗಳಕ್ಕಿಂತ ಒಂದಡಿ ಎತ್ತರವಿರಬೇಕು, ಒಣ ಕಸವನ್ನು ಒತ್ತಿ ಕಟ್ಟಿದ ಬೇಲುಗಳು (ಮೂಟೆಗಳು) ಮರದ ಪ್ಯಾಲೆಟ್ ಮೇಲೆ ಕೂರಬೇಕು. ನಿಟ್ಟೆಯಲ್ಲೂ ತೆಂಕ ಎಡಪದವಿನಲ್ಲೂ ಹಲವು ಪಂಚಾಯಿತಿಗಳ ಒಣ ಕಸ ಒಂದೇ ಸೂರಿನಡಿ ಬರುವ ಎಂಆರ್‌ಎಫ್ (ಒಣ ಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ) ಘಟಕಗಳಿವೆ. ಎಂಜಿನಿಯರುಗಳನ್ನು ಜುಲೈಯಲ್ಲಿ, ಮಳೆ ಹೊಡೆಯುವಾಗಲೇ ಅಲ್ಲಿಗೆ ಕಳಿಸಿ. ಜನವರಿಯಲ್ಲಿ ಎಲ್ಲ ಶೆಡ್ಡೂ ಚೆನ್ನಾಗಿಯೇ ಕಾಣುತ್ತದೆ.

ಕುರುಕಲು ತಿಂಡಿಯ ಪ್ಯಾಕೆಟಿನಂಥ ಮಾರಲಾಗದ ಪ್ಲಾಸ್ಟಿಕ್ ಹೋಗುವುದು ಸಿಮೆಂಟ್ ಕುಲುಮೆಗೆ. ಆ ಕುಲುಮೆಗಳಿರುವುದು ಕಲಬುರಗಿ, ಬಾಗಲಕೋಟೆಯ ಕಡೆ. ಒದ್ದೆ ಮಾಲು ತುಂಬಿದರೆ ಘಟ್ಟ ಹತ್ತಿಸಿ ನೂರಾರು ಕಿಲೋಮೀಟರ್ ನೀರು ಹೊತ್ತಂತೆ.

ಹಸಿ ಕಸದ ಕತೆ ಬೇರೆ. ದಿನಕ್ಕೆ 100 ಕಿಲೋ ಮೀರಿ ಕಸವಾಗುವ ಹೋಟೆಲು, ವಸತಿ ಸಮುಚ್ಚಯಗಳು ತಮ್ಮಲ್ಲೇ ಗೊಬ್ಬರ ಮಾಡಬೇಕು ಎನ್ನುತ್ತೇವೆ. ಮೇವರೆಗೆ ಮಾಡುತ್ತಾರೆ, ಜೂನಿನಲ್ಲಿ ಹುಳ, ನಾತ ಎಂದು ನಿಲ್ಲಿಸುತ್ತಾರೆ. ಕಾರಣ ಒಣ ಪದಾರ್ಥದ ಕೊರತೆ. ಗೊಬ್ಬರದ ತೊಟ್ಟಿಯಲ್ಲಿ ತೇವ ನೂರಕ್ಕೆ 50–60 ಇರಬೇಕು, ಅಡುಗೆಮನೆಯ ಕಸದಲ್ಲೇ 70ರ ಮೇಲಿರುತ್ತದೆ. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿದರೆ ಗೊತ್ತಾಗುತ್ತದೆ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಒಳಗೆ ಗಾಳಿಯಿಲ್ಲ, ಕೊಳೆತು ನಾರುತ್ತದೆ. ಆಗ ಎರಡು ಬಕೆಟ್ ಕಸಕ್ಕೆ ಒಂದು ಬಕೆಟ್ಟಾದರೂ ತರಗೆಲೆ, ತೆಂಗಿನ ನಾರಿನ ಹುಡಿ ಅಥವಾ ಮರದ ಹುಡಿ ಬೇಕು. ಮೀನಿನ ಹೊಟ್ಟೆ, ಚೆಕ್ಕೆಗಳಿದ್ದರೆ ಒಣ ಪದಾರ್ಥವನ್ನು ಈ ಅಳತೆಯ ನಾಲ್ಕೈದು ಪಟ್ಟು ಹಾಕಿ ತೊಟ್ಟಿಯ ನಡುವಿನಲ್ಲಿ ಮುಚ್ಚಬೇಕು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಮಾತ್ರ ಬೇಡವೇ ಬೇಡ, ಅದು ಕೊಳೆಯುವುದಿಲ್ಲ, ಕಸ ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗುತ್ತದೆ.

ಜನವರಿಯಿಂದ ಏಪ್ರಿಲ್‌ವರೆಗೆ ಗುಡಿಸಿದ ತರಗೆಲೆಯನ್ನು ರಸ್ತೆಬದಿಯಲ್ಲೇ ಸುಡುತ್ತೇವೆ, ಜುಲೈಯಲ್ಲಿ ಅದಕ್ಕೇ ಪರದಾಡುತ್ತೇವೆ. ಪಾರ್ಕುಗಳಲ್ಲಿ ಒಂದೊಂದು ತಗಡಿನ ಮಾಡು ಹಾಕಿ, ಎಲೆ ಗೋಣಿಯಲ್ಲಿ ತುಂಬಿಸಿಟ್ಟು ಮಳೆಗಾಲದಲ್ಲಿ ಗೊಬ್ಬರ ಮಾಡುವವರಿಗೆ ಹಂಚಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರವಾಗುವ ಕೆಲಸ ಇನ್ನೊಂದು ನಮಗೆ ಗೊತ್ತಿಲ್ಲ.

ಕೊನೆಗೆ ಹಳೆ ಕಸದ ರಾಶಿಯನ್ನು ಅಗೆದು, ಜರಡಿ ಹಿಡಿದು ಕರಗಿಸುವ ಗುತ್ತಿಗೆಗಳ ಬಗ್ಗೆ. ತಿರುಗುವ ಜರಡಿಯ ಕಣ್ಣುಗಳಿಗೆ ಒದ್ದೆ ಮಣ್ಣು ಕಟ್ಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿಗೆ ಕೆಸರು ಮೆತ್ತಿ ಬರುತ್ತದೆ. ಹಾಗಾಗಿ ಕರಾವಳಿಯಲ್ಲಿ ಈ ಕೆಲಸ ನಿಜವಾಗಿ ನಡೆಯುವುದು ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳು. ಕರಾರಿನಲ್ಲಿ ಹನ್ನೆರಡು ತಿಂಗಳು ಎಂದು ಬರೆದರೆ ಗುತ್ತಿಗೆದಾರರು ಐದು ತಿಂಗಳ ವಿನಾಯಿತಿ ಕೇಳುತ್ತಾರೆ, ಕೊಡದೆ ವಿಧಿಯಿಲ್ಲ. ಅವಧಿಯನ್ನು ಒಣ ತಿಂಗಳ ಲೆಕ್ಕದಲ್ಲೇ ಬರೆಯಿರಿ, ಕೆಲಸದ ಆದೇಶ ಅಕ್ಟೋಬರ್ ಮುಗಿಯುವುದರೊಳಗೆ ಕೈಸೇರಲಿ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಗೆ ಇನ್ನು ಹೆಚ್ಚು ದಿನಗಳಿಲ್ಲ. ಅಷ್ಟರೊಳಗೆ ಮಣ್ಣು ಹೊದಿಸಿದ ಜಾಗವೆಷ್ಟು, ಟರ್ಪಾಲು ಬಿದ್ದ ಗಾಡಿಗಳೆಷ್ಟು, ಸೀಲು ಬದಲಿಸಿದ ಲಾರಿಗಳೆಷ್ಟು ಎಂಬ ಮೂರು ಅಂಕಿಗಳನ್ನು ವಾರ್ಡು ಕಚೇರಿಗಳ ಫಲಕದಲ್ಲಿ ಹಾಕಿಸುವಿರಾ?

ಇತಿ,
ಕಸ ವಿಂಗಡಣೆ ಮತ್ತು ಗೊಬ್ಬರ ತಯಾರಿಯ ಕೆಲಸದಲ್ಲಿರುವವರು, ಮಂಗಳೂರು